ಕನ್ವರ್ಟಿಬಲ್ ಕಾರಿನೊಳಗೆ ಮಳೆಹನಿ: ಕಿಟಕಿ ಬೀಡಿಂಗ್ ಮನೆಯಲ್ಲೇ ಬದಲಿಸುವ ಬಗೆ

ಸಂಜೆಯ ಮಳೆ. ಸಿಗ್ನಲ್ ಬಳಿ ಕಾರು ನಿಂತಿದೆ. ಬಟ್ಟೆಯ ಛಾವಣಿ ಮುಚ್ಚಿದೆ, ಗಾಜುಗಳು ಪೂರ್ತಿ ಮೇಲೇರಿವೆ. ಆದರೂ ಚಾಲಕನ ಬಲಭುಜದ ಮೇಲೆ ತಣ್ಣನೆಯ ಹನಿಯೊಂದು ಬೀಳುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೊಂದು. ಹಳೆಯ ಕನ್ವರ್ಟಿಬಲ್ ಕಾರು ಇಟ್ಟುಕೊಂಡವರಿಗೆ ಇದು ಅಪರಿಚಿತ ಅನುಭವವಲ್ಲ. ಕಿಟಕಿಯ ಸುತ್ತಲಿನ ರಬ್ಬರ್ ಬೀಡಿಂಗ್ ವರ್ಷಗಳು ಕಳೆದಂತೆ ಗಟ್ಟಿಯಾಗುತ್ತದೆ, ಬಿರುಕು ಬಿಡುತ್ತದೆ, ಒಂದು ದಿನ ಕಾವಲು ಕೆಲಸವನ್ನೇ ಕೈಬಿಡುತ್ತದೆ.

ಭುಜದ ಮೇಲೆ ಬಿದ್ದ ಹನಿಯನ್ನು ಕರವಸ್ತ್ರದಿಂದ ಒರೆಸಿಕೊಳ್ಳಬಹುದು. ಚಿಂತಿಸಬೇಕಾದುದು ಕಣ್ಣಿಗೆ ಬೀಳದ ಹನಿಗಳ ಬಗ್ಗೆ. ಅವು ಬಾಗಿಲಿನ ಒಳಮೈಗುಂಟ ಇಳಿದು ಕಾರ್ಪೆಟ್ಟಿನ ಕೆಳಗಿರುವ ಫೋಮ್ ಸೇರುತ್ತವೆ. ಮೇಲೆ ಒಣಗಿದಂತೆ ಕಂಡರೂ ಫೋಮ್ ದಿನಗಟ್ಟಲೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊದಲು ಮುಗ್ಗಲು ವಾಸನೆ, ಬಳಿಕ ಬೂಷ್ಟು, ಕೊನೆಗೆ ನೆಲದ ತಗಡಿಗೆ ತುಕ್ಕು. ಸಾಮಾನ್ಯ ಕಾರಿಗೆ ಉಕ್ಕಿನ ಛಾವಣಿಯೂ ಬಲ ಕೊಡುತ್ತದೆ. ಕನ್ವರ್ಟಿಬಲ್‌ಗೆ ಆ ಆಸರೆ ಇಲ್ಲ. ಅದರ ಗಟ್ಟಿತನವೆಲ್ಲ ನೆಲ ಮತ್ತು ಬಾಗಿಲ ಕೆಳಗಿನ ಉದ್ದನೆಯ ಪೆಟ್ಟಿಗೆಯಾಕಾರದ ಉಕ್ಕಿನ ಹೊಸ್ತಿಲುಗಳ ಮೇಲೆ ನಿಂತಿದೆ. ಆ ಹೊಸ್ತಿಲೇ ತುಕ್ಕು ಹಿಡಿದರೆ ಕಾರಿನ ಬೆನ್ನುಮೂಳೆಗೇ ಪೆಟ್ಟು ಬಿದ್ದಂತೆ.

ಆದ್ದರಿಂದ ಬೀಡಿಂಗ್ ಬದಲಾವಣೆ ಅಲಂಕಾರದ ಕೆಲಸವಲ್ಲ, ಕಾರನ್ನು ಉಳಿಸಿಕೊಳ್ಳುವ ಕೆಲಸ. ಸ್ಕ್ರೂಡ್ರೈವರ್ ಹಿಡಿದು ಅಭ್ಯಾಸವಿರುವವರು ಒಂದು ವಾರಾಂತ್ಯದಲ್ಲಿ ಇದನ್ನು ಮನೆಯಂಗಳದಲ್ಲೇ ಮಾಡಿಕೊಳ್ಳಬಹುದು. ಆದರೆ ಒಂದು ಷರತ್ತು: ನೀರು ಎಲ್ಲಿಂದ ಬರುತ್ತಿದೆ ಎಂಬುದು ಖಚಿತವಾಗುವವರೆಗೆ ಒಂದು ಸ್ಕ್ರೂವನ್ನೂ ಸಡಿಲಿಸಬಾರದು. ಏಕೆಂದರೆ ಸೋರಿಕೆಯ ಆರೋಪ ಹೊರುವ ಬೀಡಿಂಗ್ ಅನೇಕ ಸಲ ನಿರಪರಾಧಿಯಾಗಿರುತ್ತದೆ.

ಚೌಕಟ್ಟಿಲ್ಲದ ಗಾಜು

ಸಾಮಾನ್ಯ ಕಾರಿನ ಬಾಗಿಲಲ್ಲಿ ಕಿಟಕಿ ಗಾಜಿನ ಸುತ್ತ ಲೋಹದ ಚೌಕಟ್ಟಿರುತ್ತದೆ. ಗಾಜು ಅದರೊಳಗಿನ ರಬ್ಬರ್ ಗಾಡಿಯಲ್ಲಿ ಮೇಲೆ ಕೆಳಗೆ ಓಡಾಡುತ್ತದೆ. ಕನ್ವರ್ಟಿಬಲ್‌ನಲ್ಲಿ ಛಾವಣಿ ಮಡಚಿದಾಗ ಅಡ್ಡ ನಿಲ್ಲುವಂತಹುದು ಏನೂ ಇರಬಾರದು. ಹೀಗಾಗಿ ಚೌಕಟ್ಟನ್ನೇ ಕೈಬಿಟ್ಟು ಗಾಜನ್ನು ಒಂಟಿಯಾಗಿ ನಿಲ್ಲಿಸಲಾಗುತ್ತದೆ. ಗಾಜಿನ ಮೇಲಂಚು ಛಾವಣಿಯ ಚೌಕಟ್ಟಿಗೆ ಅಂಟಿಕೊಂಡ ಮೆತ್ತನೆಯ ಬೀಡಿಂಗಿಗೆ ಒತ್ತಿ ನಿಲ್ಲುತ್ತದೆ. ಮಳೆಗೂ ಪ್ರಯಾಣಿಕರಿಗೂ ನಡುವೆ ಇರುವುದು ಆ ಒತ್ತಡ ಮಾತ್ರ.

ಇತ್ತೀಚಿನ ಹಲವು ಕನ್ವರ್ಟಿಬಲ್‌ಗಳಲ್ಲಿ ಬಾಗಿಲಿನ ಹಿಡಿ ಎಳೆದೊಡನೆ ಗಾಜು ಸುಮಾರು ಒಂದು ಸೆಂಟಿಮೀಟರಿನಷ್ಟು ಕೆಳಗಿಳಿಯುತ್ತದೆ, ಬಾಗಿಲು ಮುಚ್ಚಿದ ಮೇಲೆ ಮತ್ತೆ ಏರಿ ಬೀಡಿಂಗಿನ ಮಡಿಕೆಯೊಳಗೆ ಕೂರುತ್ತದೆ. ಈ ವ್ಯವಸ್ಥೆ ಕೆಟ್ಟರೆ ಪ್ರತಿ ಸಲ ಬಾಗಿಲು ತೆರೆದಾಗಲೂ ಗಾಜಿನ ಅಂಚು ರಬ್ಬರನ್ನು ಉಜ್ಜಿ ಹರಿಯುತ್ತದೆ. ಅಂಥ ಕಾರಿಗೆ ಎಷ್ಟು ಹೊಸ ಬೀಡಿಂಗ್ ಹಾಕಿದರೂ ಬಾಳುವುದಿಲ್ಲ.

ಛಾವಣಿ ಮಡಚುವ ಕೀಲುಗಳ ಬಳಿ ಬೀಡಿಂಗೂ ತುಂಡಾಗಿರಬೇಕಾಗುತ್ತದೆ. ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರೆಂದು ಹೆಸರಾದ ಮಜ್ದಾ ಎಂಎಕ್ಸ್-5 ಇದಕ್ಕೆ ಒಳ್ಳೆಯ ಉದಾಹರಣೆ. 1989ರಲ್ಲಿ ಶಿಕಾಗೊ ಮೋಟಾರು ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಕಾರಿನ ಹತ್ತು ಲಕ್ಷದ ಪ್ರತಿ ತಯಾರಾದದ್ದು 2016ರಲ್ಲಿ. ಇದರ ಹಳೆಯ ಮಾದರಿಗಳಲ್ಲಿ ಛಾವಣಿಯ ಪ್ರತಿ ಪಕ್ಕಕ್ಕೂ ಮುಂದಿನದು, ನಡುವಿನದು, ಹಿಂದಿನದು ಎಂದು ಮೂರು ತುಂಡು ಬೀಡಿಂಗ್ ಇವೆ. ಮುಂದಿನ ಗಾಜಿನ ಕಂಬಕ್ಕೂ ಅದರ ಮೇಲಿನ ಅಡ್ಡಪಟ್ಟಿಗೂ ಪ್ರತ್ಯೇಕ ಬೀಡಿಂಗ್. ಈ ತುಂಡುಗಳು ಪರಸ್ಪರ ಸೇರುವ ಸಂದುಗಳೇ ನೀರಿಗೆ ಅಚ್ಚುಮೆಚ್ಚಿನ ದಾರಿ.

ರಬ್ಬರ್ ಮುಪ್ಪಾಗುವುದು ಹೇಗೆ?

ಕಾರಿನ ಬೀಡಿಂಗ್ ಸಾಮಾನ್ಯವಾಗಿ ಇಪಿಡಿಎಂ ಎಂಬ ಕೃತಕ ರಬ್ಬರಿನದು. ಬಿಸಿಲು, ಓಜೋನ್ ಮತ್ತು ನೀರನ್ನು ನೈಸರ್ಗಿಕ ರಬ್ಬರಿಗಿಂತ ಚೆನ್ನಾಗಿ ತಾಳಿಕೊಳ್ಳುವುದು ಇದರ ಗುಣ. ಅದಕ್ಕೆ ಬೆರೆಸುವ ಕಾರ್ಬನ್ ಬ್ಲ್ಯಾಕ್ ಕಪ್ಪು ಬಣ್ಣದ ಜತೆಗೆ ನೇರಳಾತೀತ ಕಿರಣಗಳಿಂದ ರಕ್ಷಣೆಯನ್ನೂ ಕೊಡುತ್ತದೆ. ಗಾಜು ತಾಗುವ ಭಾಗ ಸ್ಪಂಜಿನಂತೆ ಮೆತ್ತಗಿದ್ದರೆ, ಹಿಡಿದುಕೊಳ್ಳುವ ಬುಡ ಗಟ್ಟಿಯಾಗಿರುತ್ತದೆ.

ಇಷ್ಟೆಲ್ಲ ಇದ್ದರೂ ಎರಡು ಸಂಗತಿಗಳು ಅದನ್ನು ಸೋಲಿಸುತ್ತವೆ. ಮೊದಲನೆಯದು ನಿರಂತರ ಒತ್ತಡ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಗಾಜು ಒತ್ತಿದರೆ ಸ್ಪಂಜು ಮತ್ತೆ ಉಬ್ಬುವ ಶಕ್ತಿಯನ್ನು ಕಳೆದುಕೊಂಡು ಚಪ್ಪಟೆಯಾಗಿಯೇ ಉಳಿಯುತ್ತದೆ. ಎರಡನೆಯದು ಎಣ್ಣೆ. ಪೆಟ್ರೋಲಿಯಂ ಮೂಲದ ಗ್ರೀಸ್, ಎಂಜಿನ್ ಆಯಿಲ್, ಸೀಮೆಎಣ್ಣೆ ತಾಗಿದರೆ ಇಪಿಡಿಎಂ ಊದಿಕೊಂಡು ಮೆತ್ತಗಾಗುತ್ತದೆ. ಹೊಳಪು ಬರಲೆಂದು ಹಳೆಯ ಆಯಿಲ್ ಸವರುವವರು ತಮಗರಿವಿಲ್ಲದೆ ರಬ್ಬರಿನ ಆಯಸ್ಸನ್ನು ಕಡಿಮೆ ಮಾಡುತ್ತಿರುತ್ತಾರೆ.

ಮೊದಲು ಪತ್ತೆ, ಆಮೇಲೆ ದುರಸ್ತಿ

ನೀರು ಒಳಬಂದ ಜಾಗವೂ ಕಾಣಿಸಿಕೊಂಡ ಜಾಗವೂ ಒಂದೇ ಆಗಿರಬೇಕಿಲ್ಲ. ಮುಂದಿನ ಕಂಬದ ಮೇಲ್ತುದಿಯಲ್ಲಿ ನುಸುಳಿದ ಹನಿ ಒಳಗಡೆಯೇ ಹರಿದು ಕಾಲ ಬಳಿ ಕಾಣಿಸಿಕೊಳ್ಳಬಹುದು. ಪತ್ತೆಗೆ ದುಬಾರಿ ಉಪಕರಣ ಬೇಡ. ಮನೆಯಲ್ಲೇ ಇರುವ ನಾಲ್ಕು ವಸ್ತುಗಳು ಸಾಕು.

ಒಂದು, ಕಾಗದದ ಚೂರು. ಗಾಜು ಮತ್ತು ಬೀಡಿಂಗ್ ನಡುವೆ ಕಾಗದದ ಪಟ್ಟಿ ಇಟ್ಟು ಬಾಗಿಲು ಮುಚ್ಚಿ, ನಿಧಾನವಾಗಿ ಎಳೆಯಬೇಕು. ಬಿಗಿಯಾಗಿ ಹಿಡಿದುಕೊಂಡರೆ ಅಲ್ಲಿ ಒತ್ತಡ ಸರಿಯಿದೆ. ಸರಾಗವಾಗಿ ಜಾರಿಬಂದರೆ ಅಲ್ಲಿ ಸಂದು ಇದೆ. ಅಂಗೈಯಗಲಕ್ಕೊಂದರಂತೆ ಇಡೀ ಅಂಚಿನಲ್ಲಿ ಈ ಪರೀಕ್ಷೆ ಮಾಡಿ, ಸಡಿಲವಿದ್ದಲ್ಲಿ ಬಣ್ಣದ ಟೇಪಿನಿಂದ ಗುರುತು ಹಾಕಬೇಕು.

ಎರಡು, ಟಾಲ್ಕಂ ಪೌಡರ್ ಅಥವಾ ಸೀಮೆಸುಣ್ಣದ ಪುಡಿ. ಬೀಡಿಂಗಿಗೆ ತೆಳುವಾಗಿ ಸವರಿ ಬಾಗಿಲು ಮುಚ್ಚಿ ತೆರೆದರೆ ಗಾಜಿನ ಮೇಲೆ ಬಿಳಿಯ ಗೆರೆ ಮೂಡುತ್ತದೆ. ಗೆರೆ ಎಲ್ಲಿ ತುಂಡಾಗಿದೆಯೋ ಅಲ್ಲಿ ಗಾಜು ರಬ್ಬರನ್ನು ಮುಟ್ಟುತ್ತಿಲ್ಲ.

ಮೂರು, ಟಾರ್ಚು. ಕತ್ತಲಾದ ಮೇಲೆ ಒಬ್ಬರು ಒಳಗೆ ಕೂತು, ಇನ್ನೊಬ್ಬರು ಹೊರಗಿನಿಂದ ಬೀಡಿಂಗ್ ಉದ್ದಕ್ಕೂ ಬೆಳಕು ಹಾಯಿಸಬೇಕು. ಬೆಳಕು ನುಸುಳುವಲ್ಲಿ ನೀರೂ ನುಸುಳುತ್ತದೆ.

ನಾಲ್ಕು, ತೋಟಕ್ಕೆ ನೀರುಣಿಸುವ ಪೈಪು. ನೀರನ್ನು ಮೆಲ್ಲಗೆ ಬಿಡಬೇಕು. ವಾಟರ್ ಸರ್ವಿಸ್‌ನವರ ಜೋರು ಧಾರೆ ಚೆನ್ನಾಗಿರುವ ಬೀಡಿಂಗನ್ನೂ ದಾಟಿ ಒಳನುಗ್ಗುವುದರಿಂದ ಈ ಪರೀಕ್ಷೆಗೆ ಸಲ್ಲದು. ಬಾಗಿಲಿನ ತಳದಿಂದ ಆರಂಭಿಸಿ, ಒಂದೊಂದು ಮಟ್ಟದಲ್ಲಿ ಎರಡು ಮೂರು ನಿಮಿಷ ನಿಂತು ಮೇಲಕ್ಕೆ ಹೋಗಬೇಕು. ಮೇಲಿನಿಂದ ಶುರುಮಾಡಿದರೆ ನೀರು ಎಲ್ಲೆಡೆ ಹರಿದು, ಯಾವ ಸಂದಿನಿಂದ ಒಳಬಂತು ಎಂಬುದೇ ತಿಳಿಯದು.

ನಿರಪರಾಧಿ ಬೀಡಿಂಗ್

ಪರೀಕ್ಷೆಯಲ್ಲಿ ಬೀಡಿಂಗ್ ಪಾಸಾಗಿ, ಆದರೂ ಕಾರ್ಪೆಟ್ ನೆನೆಯುತ್ತಿದ್ದರೆ ಮೂರು ಕಡೆ ಕಣ್ಣಾಡಿಸಬೇಕು.

ಮೊದಲನೆಯದು ನೀರು ಹೊರಹೋಗುವ ದಾರಿ. ಬಟ್ಟೆಯ ಛಾವಣಿಯಿಂದ ಇಳಿದ ನೀರನ್ನು ಹಿಂಬದಿಯ ಕಾಲುವೆಯೊಂದು ಸಂಗ್ರಹಿಸಿ ಕೊಳವೆಗಳ ಮೂಲಕ ಕಾರಿನ ತಳಕ್ಕೆ ಬಿಡುತ್ತದೆ. ಎಂಎಕ್ಸ್-5ರ ಹಳೆಯ ಮಾದರಿಗಳಲ್ಲಿ ಈ ಕೊಳವೆಗಳ ಬಾಯಿ ಸೀಟುಗಳ ಹಿಂದೆ, ಎರಡೂ ಪಕ್ಕದಲ್ಲಿದೆ. ಮರದ ಕೆಳಗೆ ನಿಲ್ಲಿಸಿದ ಕಾರಿನಲ್ಲಿ ಎಲೆ, ಹೂವು, ಧೂಳು ಸೇರಿ ಅದು ಮುಚ್ಚಿಹೋಗುತ್ತದೆ. ನೀರು ಉಕ್ಕಿ ಒಳಗೂ ಬರುತ್ತದೆ, ಹೊಸ್ತಿಲಿನೊಳಗೂ ಸೇರುತ್ತದೆ. ಈ ಕಾರುಗಳಲ್ಲಿ ಹಿಂಚಕ್ರದ ಮುಂದಿನ ಹೊಸ್ತಿಲು ತುಕ್ಕು ಹಿಡಿಯುವುದಕ್ಕೆ ಇದೊಂದು ಮುಖ್ಯ ಕಾರಣ. ಬಿಎಂಡಬ್ಲ್ಯು ಝಡ್4ರ ಮೊದಲ ಮಾದರಿಯಲ್ಲಿ ಛಾವಣಿ ಎತ್ತಿಳಿಸುವ ಹೈಡ್ರಾಲಿಕ್ ಮೋಟಾರು ಇಂಥದೇ ತಗ್ಗಿನಲ್ಲಿ ಕೂತಿದೆ. ಕೊಳವೆ ಕಟ್ಟಿಕೊಂಡರೆ ಮೋಟಾರೇ ನೀರಿನಲ್ಲಿ ಮುಳುಗುತ್ತದೆ. ಬಾಗುವ ಪ್ಲಾಸ್ಟಿಕ್ ಕಡ್ಡಿಯಿಂದ ಮೃದುವಾಗಿ ತಿವಿದು, ಲೋಟ ನೀರು ಸುರಿದು, ಅದು ಕೆಳಗೆ ಬೀಳುವುದನ್ನು ನೋಡಿ ಖಚಿತಪಡಿಸಿಕೊಳ್ಳಬೇಕು. ತಂತಿ ಚುಚ್ಚಿದರೆ ಕೊಳವೆಯೇ ತೂತಾದೀತು.

ಎರಡನೆಯದು ಬಾಗಿಲಿನೊಳಗಿನ ಪ್ಲಾಸ್ಟಿಕ್ ಹಾಳೆ. ಗಾಜು ಬಾಗಿಲೊಳಗೆ ಇಳಿಯುವಲ್ಲಿ ಹೊರಗೊಂದು, ಒಳಗೊಂದು ಪಟ್ಟಿ ಇರುತ್ತದೆ. ಹೊರಗಿನ ಪಟ್ಟಿ ಎಷ್ಟೇ ಹೊಸದಿರಲಿ, ಒಂದಿಷ್ಟು ನೀರು ಬಾಗಿಲೊಳಗೆ ಇಳಿದೇ ಇಳಿಯುತ್ತದೆ. ಅದು ತಳದ ರಂಧ್ರಗಳಿಂದ ಹೊರಬೀಳಲೆಂದೇ ಬಾಗಿಲನ್ನು ರೂಪಿಸಲಾಗಿದೆ. ಆ ನೀರು ಪ್ರಯಾಣಿಕರ ಕಡೆಗೆ ಬಾರದಂತೆ ತಡೆಯುವುದು ಡೋರ್ ಪ್ಯಾಡಿನ ಹಿಂದೆ ಅಂಟಿಸಿದ ಹಾಳೆ. ಎಂದೋ ಸ್ಪೀಕರ್ ಹಾಕಿಸುವಾಗ ಇದನ್ನು ಹರಿದು ಹಾಗೆಯೇ ಬಿಟ್ಟಿದ್ದರೆ ಸೋರಿಕೆಗೆ ಬೇರೆ ಕಾರಣ ಹುಡುಕಬೇಕಿಲ್ಲ.

ಮೂರನೆಯದು ಗಾಜಿನ ನಿಲುವು. ಗಾಜು ಎಷ್ಟು ಎತ್ತರಕ್ಕೆ ಏರಬೇಕು, ಎಷ್ಟು ಒಳಕ್ಕೆ ವಾಲಬೇಕು ಎಂಬುದನ್ನು ಬಾಗಿಲೊಳಗಿನ ಬೋಲ್ಟುಗಳು ನಿರ್ಧರಿಸುತ್ತವೆ. ಅವು ಸಡಿಲವಾಗಿ ಗಾಜು ಹೊರಕ್ಕೆ ವಾಲಿದ್ದರೆ ಹೊಸ ಬೀಡಿಂಗ್ ಕೂಡ ಅದನ್ನು ಮುಟ್ಟಲಾರದು. ಮುಚ್ಚಿದ ಬಾಗಿಲಿನ ಗಾಜನ್ನು ಕೈಯಿಂದ ಮೆಲ್ಲಗೆ ಒಳಕ್ಕೆ ಒತ್ತಿ ಹಿಡಿದಾಗ ಸೋರಿಕೆ ನಿಂತರೆ, ದೋಷ ಗಾಜಿನ ನಿಲುವಿನಲ್ಲಿ ಇರುವ ಸಂಭವವೇ ಹೆಚ್ಚು.

ಖರೀದಿಯಲ್ಲಿ ಎಚ್ಚರ

ಮೇಲಿನದೆಲ್ಲ ಸರಿಯಿದ್ದು, ಬೀಡಿಂಗ್ ಚಪ್ಪಟೆಯಾಗಿರುವುದು, ಬಿರುಕು ಬಿಟ್ಟಿರುವುದು ಅಥವಾ ಹರಿದಿರುವುದು ಖಚಿತವಾದರೆ ಬದಲಿಸುವುದೇ ದಾರಿ. ಸಾಮಾನ್ಯ ಕಾರಿನ ಬೀಡಿಂಗನ್ನು ಬಿಡಿಭಾಗಗಳ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಕೊಳ್ಳಬಹುದು. ಕನ್ವರ್ಟಿಬಲ್‌ನ ಛಾವಣಿ ಬೀಡಿಂಗಿಗೆ ಅದು ಒಗ್ಗುವುದಿಲ್ಲ. ಪ್ರತಿ ತುಂಡೂ ಅಚ್ಚಿನಲ್ಲಿ ಎರಕವಾದದ್ದು. ಮೂಲೆಯ ತಿರುವು, ಮಡಿಕೆ, ತುದಿಯ ಆಕಾರ ಪ್ರತಿಯೊಂದಕ್ಕೂ ಬೇರೆ, ಎಡಕ್ಕೂ ಬಲಕ್ಕೂ ಬೇರೆ. ಕಾರಿನ ಮಾದರಿ, ತಯಾರಿಕೆಯ ವರ್ಷ ಹಾಗೂ ಚಾಸಿಸ್ ಸಂಖ್ಯೆ ನೀಡಿ, ಬಿಡಿಭಾಗದ ಸಂಖ್ಯೆ ತಾಳೆ ನೋಡಿಯೇ ತರಿಸಬೇಕು.

ಕರ್ನಾಟಕದಲ್ಲಿ ಇಂಥ ಕಾರುಗಳು ಬೆರಳೆಣಿಕೆಯಷ್ಟು. ಎಂಎಕ್ಸ್-5ರಂತಹವು ಇಲ್ಲಿನ ಷೋರೂಮುಗಳಿಗೆ ಬಂದೇ ಇಲ್ಲ. ಹೀಗಾಗಿ ಬೀಡಿಂಗ್ ವಿದೇಶದಿಂದ ಬರುವುದಕ್ಕೆ ವಾರಗಳೇ ಹಿಡಿಯಬಹುದು. ಜೂನ್ ತಿಂಗಳ ಮುಂಗಾರಿಗೆ ಮುನ್ನ ಕೆಲಸ ಮುಗಿಯಬೇಕೆಂದರೆ ಬೇಸಿಗೆಯ ಆರಂಭದಲ್ಲೇ ಪರೀಕ್ಷೆ ನಡೆಸಿ ಬೇಡಿಕೆ ಸಲ್ಲಿಸುವುದು ಜಾಣತನ. ಹಳೆಯ ಕಾರಿನಿಂದ ಕಳಚಿದ ಬೀಡಿಂಗ್ ಅಗ್ಗಕ್ಕೆ ಸಿಕ್ಕರೂ ಕೊಳ್ಳಬಾರದು. ಅದಕ್ಕೂ ಅಷ್ಟೇ ವಯಸ್ಸಾಗಿರುತ್ತದೆ.

ಕಳಚುವ ಕ್ರಮ

ಒಣಹವೆಯ ದಿನ, ನೆರಳಿರುವ ಜಾಗ ಆರಿಸಿಕೊಳ್ಳಬೇಕು. ಹೊಸ ಬೀಡಿಂಗನ್ನು ಪೊಟ್ಟಣದಿಂದ ತೆಗೆದು ಅರ್ಧ ಗಂಟೆ ಬಿಸಿಲಿಗೆ ಹರಡಿದರೆ ಮಡಿಕೆಗಳು ಬಿಡುತ್ತವೆ, ರಬ್ಬರ್ ಮೆತ್ತಗಾಗುತ್ತದೆ. ಹಳೆಯದರ ಪಕ್ಕದಲ್ಲಿಟ್ಟು ಉದ್ದ, ತಿರುವು, ರಂಧ್ರಗಳನ್ನು ಹೋಲಿಸಿ ನೋಡುವುದು ಮುಂದಿನ ಹೆಜ್ಜೆ. ತಪ್ಪು ತುಂಡು ಬಂದಿದ್ದರೆ ಅದು ಈಗಲೇ ತಿಳಿಯಲಿ.

ಎರಡೂ ಪಕ್ಕವನ್ನು ಒಟ್ಟಿಗೆ ಬಿಚ್ಚಬಾರದು. ಒಂದು ಪಕ್ಕ ಮುಗಿದ ಮೇಲೆ ಇನ್ನೊಂದು. ಸಂದೇಹ ಬಂದಾಗ ಬಿಚ್ಚದ ಪಕ್ಕವೇ ಮಾರ್ಗದರ್ಶಿಯಾಗುತ್ತದೆ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳುವುದು ಒಳಿತು.

ಛಾವಣಿಯ ಬೀಡಿಂಗ್ ಹೆಚ್ಚಾಗಿ ಲೋಹದ ಪಟ್ಟಿಯೊಂದರ ಗಾಡಿಯಲ್ಲಿ ಕೂತಿರುತ್ತದೆ. ಛಾವಣಿಯ ಕೊಂಡಿ ಬಿಡಿಸಿ ಸ್ವಲ್ಪ ಎತ್ತಿದರೆ ಕೈಯಾಡಿಸಲು ಅನುಕೂಲ. ತುದಿಗಳಲ್ಲಿರುವ ಸ್ಕ್ರೂ ಅಥವಾ ಕ್ಲಿಪ್ ತೆಗೆದು, ಪ್ಲಾಸ್ಟಿಕ್ ಚಪ್ಪಟೆ ಕಡ್ಡಿಯಿಂದ ರಬ್ಬರನ್ನು ಮೀಟಿ ಹೊರಗೆಳೆಯಬೇಕು. ಉಕ್ಕಿನ ಸ್ಕ್ರೂಡ್ರೈವರಿನಿಂದ ಮೀಟಿದರೆ ಪೇಂಟ್ ಗೀರುತ್ತದೆ, ಗೀರಿದಲ್ಲಿ ತುಕ್ಕು ಹುಟ್ಟುತ್ತದೆ. ಲೋಹದ ಪಟ್ಟಿಯನ್ನೇ ತೆಗೆಯಬೇಕಾಗಿ ಬಂದರೆ ಅದರ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದಿಡಬೇಕು. ಅದರ ರಂಧ್ರಗಳು ಹೊಂದಾಣಿಕೆಗೆಂದು ಉದ್ದಕ್ಕಿರುತ್ತವೆ. ಎರಡು ಮಿಲಿಮೀಟರ್ ಆಚೀಚೆಯಾದರೂ ಗಾಜಿನ ಒತ್ತಡ ಬದಲಾಗುತ್ತದೆ. ತುಕ್ಕು ಹಿಡಿದ ಸ್ಕ್ರೂಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾಯಬೇಕು. ಆತುರಪಟ್ಟು ತಿರುಗಿಸಿದರೆ ತಲೆ ಸವೆದು ಒಂದು ಗಂಟೆಯ ಕೆಲಸ ಒಂದು ದಿನಕ್ಕೆ ಬೆಳೆಯುತ್ತದೆ.

ಸ್ವಚ್ಛತೆಯೇ ಅರ್ಧ ಕೆಲಸ

ಹಳೆಯ ಬೀಡಿಂಗ್ ಹೋದ ಜಾಗದಲ್ಲಿ ಗಟ್ಟಿಯಾದ ಗೋಂದು, ಧೂಳು, ಪಾಚಿ ಕೂತಿರುತ್ತದೆ. ಇದರ ಮೇಲೆಯೇ ಹೊಸದನ್ನು ಒತ್ತಿದರೆ ಶ್ರಮವೆಲ್ಲ ವ್ಯರ್ಥ. ಪ್ಲಾಸ್ಟಿಕ್ ಕಡ್ಡಿಯಿಂದ ಕೆರೆದು, ಸೋಪುನೀರಿನಿಂದ ತೊಳೆದು, ಒಣಗಿದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು. ಪೆಟ್ರೋಲ್ ಬಳಸಬಾರದು. ಪೇಂಟ್ ಮತ್ತು ರಬ್ಬರ್ ಎರಡಕ್ಕೂ ಅದು ಹಾನಿಕರ, ಬೆಂಕಿಯ ಅಪಾಯವಂತೂ ಇದ್ದೇ ಇದೆ. ತುಕ್ಕಿನ ಚುಕ್ಕೆ ಕಂಡಲ್ಲಿ ಮರಳುಕಾಗದದಿಂದ ಉಜ್ಜಿ, ಪ್ರೈಮರ್ ಮತ್ತು ಪೇಂಟ್ ಬಳಿದು, ಪೂರ್ತಿ ಒಣಗಲು ಬಿಡಬೇಕು. ರಬ್ಬರಿನಡಿ ಮುಚ್ಚಿಹೋದ ತುಕ್ಕು ಒಳಗೊಳಗೇ ಬೆಳೆಯುತ್ತದೆ.

ಕೂರಿಸುವ ಕ್ರಮ

ಮೊದಲು ಎರಡು ತುದಿ ಮತ್ತು ಮೂಲೆಗಳನ್ನು ಅವುಗಳ ಜಾಗದಲ್ಲಿ ಕೂರಿಸಿ, ಆಮೇಲೆ ನಡುಭಾಗವನ್ನು ಒತ್ತುತ್ತ ಬರಬೇಕು. ಗಾಡಿಗೆ ಸೋಪುನೀರು ಸವರಿದರೆ ರಬ್ಬರ್ ಸುಲಭವಾಗಿ ಜಾರಿ ಕೂರುತ್ತದೆ. ಅಂಟು ಹಾಕಬೇಕಾದ ಕಡೆ ಮಾತ್ರ ಸೋಪು ಮುಟ್ಟಿಸಬಾರದು.

ಈ ಕೆಲಸದಲ್ಲಿ ಹೊಸಬರು ಮಾಡುವ ಅತಿ ದೊಡ್ಡ ತಪ್ಪು ರಬ್ಬರನ್ನು ಎಳೆದು ಹೊಂದಿಸುವುದು. ಎಳೆದ ರಬ್ಬರ್ ಅಂದು ಅಚ್ಚುಕಟ್ಟಾಗಿ ಕಾಣುತ್ತದೆ. ಕೆಲವು ದಿನಗಳಲ್ಲಿ ಕುಗ್ಗಿ ತನ್ನ ಮೂಲ ಉದ್ದಕ್ಕೆ ಮರಳುತ್ತದೆ. ಮೂಲೆಯಲ್ಲಿ ಬೆರಳು ತೂರುವಷ್ಟು ಸಂದು ಉಳಿಯುತ್ತದೆ. ರಬ್ಬರನ್ನು ಎಳೆಯಬಾರದು, ತುದಿಯಿಂದ ಒಳಕ್ಕೆ ತಳ್ಳುತ್ತ ತುಂಬಬೇಕು. ನಡುವೆ ಸ್ವಲ್ಪ ಹೆಚ್ಚುವರಿ ಉಳಿದಂತೆ ಕಂಡರೆ ಕತ್ತರಿಸದೆ ಸಮನಾಗಿ ಹಂಚಿ ಒತ್ತಬೇಕು.

ತಯಾರಕರು ಅಂಟು ಬಳಸಿದ್ದ ಕಡೆ ಮಾತ್ರ ವಾಹನಗಳ ಬೀಡಿಂಗಿಗೆಂದೇ ಇರುವ ಅಂಟನ್ನು ಎರಡೂ ಮೈಗೆ ತೆಳುವಾಗಿ ಸವರಿ, ಸ್ವಲ್ಪ ಒಣಗಿದ ಮೇಲೆ ಒತ್ತಬೇಕು. ಸ್ನಾನದಮನೆಯ ಟೈಲ್ಸ್ ಸಂದಿಗೆ ಹಾಕುವ ಸಿಲಿಕೋನ್ ಸೀಲೆಂಟನ್ನು ಬಳಿದು ಸೋರಿಕೆ ಮುಚ್ಚುವ ಪರಿಪಾಠ ಬೇಡ. ಅದರಲ್ಲಿ ಕೆಲವು ಬಗೆಯವು ಒಣಗುವಾಗ ಬಿಡುವ ಅಸಿಟಿಕ್ ಆಮ್ಲ ಲೋಹಕ್ಕೆ ತುಕ್ಕು ಹಿಡಿಸುತ್ತದೆ. ಮೇಲಾಗಿ ಒಮ್ಮೆ ಸಿಲಿಕೋನ್ ಮೆತ್ತಿದ ಜಾಗಕ್ಕೆ ಬೇರಾವ ಅಂಟೂ ಸರಿಯಾಗಿ ಹಿಡಿಯುವುದಿಲ್ಲ.

ಗಾಜು ಬಾಗಿಲೊಳಗೆ ಇಳಿಯುವಲ್ಲಿನ ಪಟ್ಟಿಗಳನ್ನು ಬದಲಿಸಲು ಅನೇಕ ಕಾರುಗಳಲ್ಲಿ ಡೋರ್ ಪ್ಯಾಡ್ ತೆಗೆಯಬೇಕಾಗುತ್ತದೆ. ಇಲ್ಲಿ ಸುರಕ್ಷತೆಯ ಪ್ರಶ್ನೆ ಇದೆ. ಕೆಲವು ಕಾರುಗಳ ಬಾಗಿಲೊಳಗೆ ಏರ್‌ಬ್ಯಾಗ್ ಅಥವಾ ಅಪಘಾತವನ್ನು ಗಾಳಿಯ ಒತ್ತಡದಿಂದ ಗ್ರಹಿಸುವ ಸೆನ್ಸರ್ ಇರುತ್ತದೆ. ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ತಂತಿ ಬಿಡಿಸಿ, ತಯಾರಕರ ಕೈಪಿಡಿ ಸೂಚಿಸಿದಷ್ಟು ಹೊತ್ತು ಕಾದ ನಂತರವೇ ಕೈಹಾಕಬೇಕು. ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಮತ್ತೆ ಗಾಳಿಯಾಡದಂತೆ ಅಂಟಿಸಬೇಕು. ಅದು ಸಡಿಲವಾಗಿದ್ದರೆ ನೀರು ಬರುವುದಷ್ಟೇ ಅಲ್ಲ, ಒತ್ತಡ ಗ್ರಹಿಸುವ ಸೆನ್ಸರೂ ಸರಿಯಾಗಿ ಕೆಲಸ ಮಾಡದಿರಬಹುದು.

ಬಾಗಿಲು ಬಿಗಿಯಾದರೆ ಗಾಬರಿ ಬೇಡ

ಹೊಸ ಬೀಡಿಂಗ್ ಉಬ್ಬಿಕೊಂಡಿರುವುದರಿಂದ ಮೊದಲ ಕೆಲವು ದಿನ ಬಾಗಿಲು ಮುಚ್ಚಲು ಹೆಚ್ಚು ಬಲ ಬೇಕಾಗುತ್ತದೆ. ಇದು ದೋಷವಲ್ಲ. ಛಾವಣಿ ಮುಚ್ಚಿ, ಗಾಜುಗಳನ್ನು ಪೂರ್ತಿ ಏರಿಸಿ ಒಂದೆರಡು ದಿನ ಕಾರನ್ನು ಹಾಗೆಯೇ ನಿಲ್ಲಿಸಿದರೆ ರಬ್ಬರ್ ಗಾಜಿನ ಆಕಾರಕ್ಕೆ ಒಗ್ಗಿಕೊಳ್ಳುತ್ತದೆ. ಆನಂತರ ಕಾಗದದ ಚೂರು ಮತ್ತು ನೀರಿನ ಪೈಪಿನ ಪರೀಕ್ಷೆಯನ್ನು ಮತ್ತೊಮ್ಮೆ ನಡೆಸಬೇಕು. ಅಷ್ಟರ ನಂತರವೂ ಬಾಗಿಲು ಜಗ್ಗದಿದ್ದರೆ ಲೋಹದ ಪಟ್ಟಿ ಪೆನ್ಸಿಲ್ ಗೆರೆಯಿಂದ ಸರಿದಿದೆಯೇ ಎಂದು ನೋಡಬೇಕು.

ಹೊಸ ಬೀಡಿಂಗ್ ಹಾಕಿದ ಸಂಭ್ರಮದಲ್ಲಿ ನೆನೆದ ಕಾರ್ಪೆಟ್ಟನ್ನು ಮರೆಯುವಂತಿಲ್ಲ. ಅದನ್ನು ಎತ್ತಿ, ಕೆಳಗಿನ ಫೋಮ್ ಪೂರ್ತಿ ಒಣಗಿದ ಮೇಲೆಯೇ ಮರಳಿ ಹಾಸಬೇಕು. ಇಲ್ಲವಾದರೆ ಹೊರಗಿನ ನೀರು ನಿಂತರೂ ಒಳಗಿನ ನೀರು ತಗಡನ್ನು ತಿನ್ನುತ್ತಲೇ ಇರುತ್ತದೆ.

ಮುಂದಿನ ಆರೈಕೆ ಸರಳ. ಎರಡು ಮೂರು ತಿಂಗಳಿಗೊಮ್ಮೆ ಒದ್ದೆ ಬಟ್ಟೆಯಿಂದ ಬೀಡಿಂಗ್ ಒರೆಸಿ, ರಬ್ಬರಿಗೆಂದೇ ಇರುವ ಸಿಲಿಕೋನ್ ಮೂಲದ ಗ್ರೀಸನ್ನು ಬೆರಳಂಚಿನಲ್ಲಿ ತೆಳುವಾಗಿ ಸವರಿದರೆ ಸಾಕು. ಇದು ಮೇಲೆ ಹೇಳಿದ ಸೀಲೆಂಟ್ ಅಲ್ಲ, ಒಣಗಿ ಗಟ್ಟಿಯಾಗದ ಗ್ರೀಸ್. ಮುಂಗಾರಿಗೆ ಮುನ್ನ ಒಮ್ಮೆ, ಎಲೆ ಉದುರುವ ಕಾಲದಲ್ಲಿ ಒಮ್ಮೆ ನೀರಿನ ಕೊಳವೆಗಳನ್ನು ಶುಚಿಗೊಳಿಸಬೇಕು.

ಎಲ್ಲವನ್ನೂ ಮನೆಯಲ್ಲೇ ಮಾಡಬೇಕೆಂಬ ಹಟವೂ ಸಲ್ಲದು. ಗಾಜಿನ ನಿಲುವು ಪೂರ್ತಿ ಕೆಟ್ಟಿದ್ದರೆ, ಛಾವಣಿಯ ಚೌಕಟ್ಟು ಬಾಗಿದ್ದರೆ, ಹೊಸ್ತಿಲಿಗೆ ತುಕ್ಕು ಹತ್ತಿ ತಗಡು ಮೆತ್ತಗಾಗಿದ್ದರೆ ಅದು ನುರಿತ ಮೆಕ್ಯಾನಿಕ್ ಮತ್ತು ಟಿಂಕರಿಂಗ್‌ನವರ ಕೆಲಸ. ಆದರೆ ಅಲ್ಲಿಗೆ ಹೋಗುವ ಮೊದಲು ಕಾಗದದ ಚೂರು, ಪೌಡರ್, ಟಾರ್ಚು, ನೀರಿನ ಪೈಪು ಹೇಳಿದ್ದನ್ನು ಮಾಲೀಕರು ತಿಳಿದಿದ್ದರೆ, ಬೇಡದ ದುರಸ್ತಿಗೆ ಹಣ ಸುರಿಯುವುದಾದರೂ ತಪ್ಪುತ್ತದೆ. ಮುಂದಿನ ಮಳೆಯಲ್ಲಿ ಹನಿಗಳ ಸದ್ದು ಬಟ್ಟೆಯ ಛಾವಣಿಯ ಮೇಲೆ ಕೇಳಲಿ, ಕಾರ್ಪೆಟ್ಟಿನ ಕೆಳಗೆ ಬೇಡ.